ಕುಸುಬಿ ಎಣ್ಣೆ ಕುಡಿದ ಷಟರ್

ಮಾರ್ಚ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಆರೂವರೆ. ಆಳಂದದ ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಕೋಣೆಯ ಮುಂದೆ ಹಾಜರಿದ್ದವರು ನಾನು ಮತ್ತು ನೆಲೋಗಿಯಿಂದ ಬಂದಿದ್ದ ನನ್ನ ಅಣ್ಣ. ಹಿಂದಿನ ದಿನ ಅವನ ಬಲಗಣ್ಣಿನ ಪೊರೆ ತೆಗೆದಿದ್ದರು. ಹನ್ನೊಂದು ಗಂಟೆಗೆ ಕಲಬುರಗಿಯಲ್ಲಿ ಪಟ್ಟಿ ಬಿಚ್ಚಬೇಕು. ಬಸ್ಸಿನ ಧೂಳಿಗೆ ಕರೆತರಬೇಡಿ ಎಂದು ವೈದ್ಯರು ಎರಡು ಸಲ ಹೇಳಿದ್ದರು. ಕಾರು ಒಳಗಿತ್ತು. ಷಟರ್ ಮೊಳಕಾಲೆತ್ತರ ಏರಿ ನಿಂತುಬಿಟ್ಟಿತ್ತು.

ಮದುವೆಯ ದಿನಗಳು. ಬಾಡಿಗೆ ಗಾಡಿ ಒಂದೂ ಸಿಗಲಿಲ್ಲ. ಷಟರ್ ಮೇಸ್ತ್ರಿಗೆ ಫೋನ್ ಮಾಡಿದೆ.

ನನಗೆ ಸಿಟ್ಟು ಬಂದದ್ದು ಷಟರಿನ ಮೇಲಲ್ಲ, ನನ್ನ ಲೆಕ್ಕ ತಪ್ಪಿದ್ದಕ್ಕೆ. ಮೂವತ್ತು ವರ್ಷ ಶಿಕ್ಷಕಿಯಾಗಿ ಶಾಲೆಯ ಗಂಟೆ ತಪ್ಪದಂತೆ ನೋಡಿಕೊಂಡವಳು ನಾನು. ಪ್ರತಿ ತಿಂಗಳ ಮೊದಲ ದಿನ, ಸ್ನಾನಕ್ಕೆ ಮುಂಚೆ, ಷಟರಿನ ಎರಡೂ ಬದಿಯಲ್ಲಿ ಅದರ ಪಟ್ಟಿಗಳು ಜಾರುವ ಕಬ್ಬಿಣದ ಸಂದುಗಳಿಗೆ ಕುಸುಬಿ ಎಣ್ಣೆ ಹಚ್ಚುತ್ತಿದ್ದೆ. ಜೇವರ್ಗಿಯ ಅಂಗಡಿಯಲ್ಲಿ ಅಪ್ಪ ಹಾಗೆಯೇ ಹಚ್ಚುತ್ತಿದ್ದರು. ಕೋಳಿಗರಿ, ಹಿತ್ತಾಳೆ ಬಟ್ಟಲು, ಎಡಗಡೆ ಮೊದಲು. ಬೆರಳೊಂದರಿಂದ ತಳ್ಳಿದರೆ ಸಾಕು, ಅಂಗಡಿಯ ಷಟರ್ ಗಡಗಡನೆ ಮೇಲೇರುತ್ತಿತ್ತು. ಆ ಸದ್ದಿಗೆ ಎದುರಿನ ಚಹಾದಂಗಡಿಯವರು ಒಲೆ ಹೊತ್ತಿಸುತ್ತಿದ್ದರು.

ಏಳೂಕಾಲಿಗೆ ಮೇಸ್ತ್ರಿ ಬಂದರು. ನನಗಿಂತ ಹತ್ತು ವರ್ಷ ಕಿರಿಯರು; ಅಫಜಲಪುರದಲ್ಲಿ ಕೆಲಸ ಕಲಿತು ಇಲ್ಲಿ ನೆಲೆಸಿದವರು. ಸಂದಿನೊಳಗೆ ಸ್ಕ್ರೂಡ್ರೈವರ್ ಹಾಕಿ ಕೆರೆದರು. ಬೆಲ್ಲದ ಅಂಟಿನಂಥ ಕಪ್ಪು ಉಂಡೆ ಬಂತು.

“ಅಕ್ಕಾರ, ಏನ್ ಹಚ್ತೀರಿ ಇದಕ್ಕ?”

“ಕುಸುಬಿ ಎಣ್ಣಿ. ತಪ್ಪದ, ತಿಂಗಳಾ.”

“ತಪ್ಪದ ಹಚ್ಚಿದ್ದಕ್ಕs ಹಿಂಗಾಗ್ಯಾದ್ರಿ. ಕುಸುಬಿ ಎಣ್ಣಿ ಒಣಗಿ ಅಂಟಾಗ್ತದ. ಮ್ಯಾಲ ನಮ್ಮ ಎರಿಮಣ್ಣಿನ ಧೂಳ. ಒಗ್ಗರಣಿ ಹಾಕೋ ಎಣ್ಣಿ ಷಟರಿಗ್ಯಾಕ್ರಿ?”

“ನಮ್ಮಪ್ಪ ಇದನ್ನs ಹಚ್ತಿದ್ರು. ಒಂದ್ ದಿನಾನೂ ನಿಂತಿಲ್ಲ.”

ಕುರ್ಚಿಯಲ್ಲಿ ಕೂತಿದ್ದ ಅಣ್ಣ ನಕ್ಕ. “ಹೆಂಗ ನಿಲ್ತದಬೇ? ದಿನಾ ಮುಂಜಾನಿ ನಾ ಚಿಮಣಿ ಎಣ್ಣಿ ಹಚ್ಚಿದ ಅರಿಬಿಲೆ ಸಂದಿ ತಿಕ್ತಿದ್ದೆ. ನೀ ಎದ್ದ್ ಬರೂದ್ರಾಗ ಅಪ್ಪ ಕೋಳಿಗರಿ ಹಿಡದಿರ್ತಿದ್ದ. ನೀ ನೋಡಿದ್ದು ಬರೇ ಪೂಜಿ. ಗುಡಿ ಕಸಾ ಹೊಡದಾಂವ ನಾನು.”

ಮೇಸ್ತ್ರಿ ತಲೆ ಎತ್ತಲಿಲ್ಲ. “ಸಾಲಿ ಕಲಿಸಿದೋರ್ಗೆ ಇವತ್ತ ಪಾಠ ಆತ್ರಿ.”

ಅರವತ್ತು ವರ್ಷ ಅರ್ಧ ಕೆಲಸವನ್ನೇ ಪೂರ್ತಿ ಎಂದುಕೊಂಡಿದ್ದೆ. ಅಣ್ಣನ ಅಂಗಿಗೆ ಸದಾ ಸೀಮೆಎಣ್ಣೆಯ ವಾಸನೆ ಇರುತ್ತಿತ್ತು. ಶಾಲೆಗೆ ಹೋಗುವಾಗ ನಾನು ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಿದ್ದೆ. ಯಾಕೆ ಆ ವಾಸನೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಈಗ ಸೀಮೆಎಣ್ಣೆ ಎಲ್ಲಿ ಸಿಗಬೇಕು? ಮೇಸ್ತ್ರಿ ತಮ್ಮ ಡಬ್ಬಿಯಿಂದ ಡೀಸೆಲ್ ಕೊಟ್ಟರು. ಮೇಲಿನ ಸ್ಪ್ರಿಂಗ್ ಮುಟ್ಟಬೇಡಿ, ಅದು ಕೈ ಮುರಿಯುತ್ತದೆ, ಅದು ನನ್ನ ಕೆಲಸ ಎಂದರು. ಅವರು ಬಲಗಡೆ, ನಾನು ಎಡಗಡೆ ಉಜ್ಜಿದೆವು. ಕೂತಲ್ಲಿಂದಲೇ ಅಣ್ಣನ ಹುಕುಂ: “ಮೂಲಿ ಬಿಟ್ಟೀ ನೋಡು. ಕೆಳಗಿನ ಮೂಲಿ.” ಒಂದೇ ಕಣ್ಣಿನಲ್ಲಿ ಅವನಿಗೆ ಅದು ಕಂಡಿತ್ತು. ಉಜ್ಜಿ ಒಣಗಿಸಿದ ಸಂದಿಗೆ ಮೇಸ್ತ್ರಿ ಬಿಳಿ ಮೇಣದ ಬತ್ತಿ ತಿಕ್ಕಿದರು. ಮೇಣಕ್ಕೆ ಧೂಳು ಹೆಚ್ಚು ಹಿಡಿಯುವುದಿಲ್ಲವಂತೆ.

ಎಂಟು ಐವತ್ತಕ್ಕೆ ಷಟರ್ ಗಡಗಡನೆ ಏರಿತು. ಅಣ್ಣ ಆ ಸದ್ದಿಗೆ ಕಿವಿಗೊಟ್ಟ. “ಚಾ ಕುದೀಲಿಕ್ಕ ಇಟ್ಟಿರ್ತಾರ ಈಗ,” ಎಂದ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆ ತಲುಪಿದೆವು. ಪಟ್ಟಿ ಬಿಚ್ಚಿದರು. ಅವನು ಮೊದಲು ನೋಡಿದ್ದು ನನ್ನ ಕೈಗಳನ್ನು. “ಡೀಸೆಲ್ ನಾತ ಹೊಡ್ಯಾಕತ್ತೀ. ನಾಲ್ಕ್ ಹೆಜ್ಜಿ ಹಿಂದ ಬಾ,” ಎಂದ.

ಸಂಜೆ ಐದಕ್ಕೆ ಮರಳಿದೆವು. ಕಾರು ಒಳಗಿಟ್ಟೆ. ಸಂದುಗಳ ಕೆಳಗಿನ ಎರಡೂ ಮೂಲೆಗಳನ್ನು ಒಣ ಅರಿವೆಯಿಂದ ಒರೆಸಿ, ಷಟರ್ ಇಳಿಸಿ, ಬೀಗ ಹಾಕಿದೆ.