ಕಿರೀಟ ತೊಟ್ಟು ಉಂಡವಳ ಚಿತ್ರ

ಎರಡು ಸಾವಿರದ ದಶಕದ ಶುರುವಿನಲ್ಲಿ ನಾನು ಕಾರವಾರದಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಅಲ್ಲಿನ ಲೈಬ್ರರಿಯಲ್ಲಿ ದಪ್ಪ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಹದಿನೆಂಟನೇ ಶತಮಾನದ ನಾಟಕದವರನ್ನು ಗೇಲಿ ಮಾಡಿದ ಚಿತ್ರಗಳು. ರಾಣಿ ಹರಿದ ಕಾಲುಚೀಲ ಹೊಲಿಯುತ್ತಿದ್ದಾಳೆ, ಯುದ್ಧಕ್ಕೆ ಹೊರಟ ವೀರನ ಕೂದಲಿನ ಟೋಪನ್ ಇಲಿಯ ಪಾಲಾಗಿದೆ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ತಲೆಗೆ ಹುಳವೂ ಹೊಕ್ಕಿತು: ನಮ್ಮ ನಾಟಕದವರೇನು ಕಡಿಮೆ?

ಅಂಕೋಲೆಯ ಹತ್ತಿರದ ನಮ್ಮೂರಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ. ಪರದೆ ಬರೆಯುವವನು ನಾನೇ. ಗಂಡು ಪಾತ್ರಗಳೆಲ್ಲ ಊರಿನವರದು. ದೇವಿಯ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿ ಬರುತ್ತಿದ್ದಳು, ಆರೇಳು ವರ್ಷಗಳಿಂದ ಒಬ್ಬಳೇ. ಪರದೆ ಏಳುವ ಮುಂಚೆ ಊರ ಹೆಂಗಸರು ಬಣ್ಣದ ಕೋಣೆಗೆ ಬಂದು ಅವಳಿಗೆ ಉಡಿ ತುಂಬಿ ಕಾಲಿಗೆ ಬೀಳುತ್ತಿದ್ದರು. ಅದಕ್ಕೇ ದೇವಿ ಪಾತ್ರದವರು ಅಂದು ಮೀನು ಮುಟ್ಟಬಾರದೆಂಬ ಕಟ್ಟು. ರಾಜನ ಪಾತ್ರದವರು ಏನು ಕುಡಿದರೂ ನಡೆಯುತ್ತಿತ್ತು.

ಆ ವರ್ಷ ಬೆಳಿಗ್ಗೆಯೇ ಬಸ್ಸಿಳಿದು ಬಂದವಳನ್ನು ಸಂಜೆವರೆಗೂ ಯಾರೂ ಊಟ ಆಯಿತೇ ಎಂದು ಕೇಳಿರಲಿಲ್ಲ. ಹೆಂಡತಿ ನನಗೆಂದು ಕಳಿಸಿದ ಡಬ್ಬಿಯಲ್ಲಿ ಅನ್ನ, ಬಂಗಡೆ ಸಾರು ಇತ್ತು. ಅದನ್ನೇ ಮುಂದಿಟ್ಟೆ.

"ಬೇಡ ಮಾಸ್ತರ್ರೆ, ಇವತ್ತು ಮೀನ್ ಆಗೂದಿಲ್ಲ" ಎಂದಳು.

"ಯಾರ್ ನೋಡ್ತಾರೆ? ಉಣ್ಣಿ" ಎಂದು ಒತ್ತಾಯಿಸಿದವನು ನಾನು.

ಕಿರೀಟ ತೆಗೆದರೆ ಬಣ್ಣ ಕೆಡುತ್ತದೆಂದು ಹಾಗೆಯೇ ಕುಳಿತು, ಮುಳ್ಳು ಬಿಡಿಸಿ ಬಿಡಿಸಿ ಉಂಡಳು. ನೋಡಿದವನು ನಾನು, ಮನೆಗೆ ಹೋಗಿ ಚಿತ್ರ ಬರೆದವನೂ ನಾನು.

ಮರುವರ್ಷ ತಾಲೀಮು ಶುರುವಾದಾಗ ನಮ್ಮ ನಾಟಕದವರನ್ನು ಗೇಲಿ ಮಾಡಿದ ಹತ್ತು ಚಿತ್ರ ಒಯ್ದು ತಾಲೀಮಿನ ಮನೆಯ ಗೋಡೆಗೆ ತೂಗುಹಾಕಿದೆ. ಹತ್ತರಲ್ಲಿ ಮೀನು ಉಣ್ಣುವ ದೇವಿಯದೇ ಚೆನ್ನಾಗಿ ಬಂದಿತ್ತು. ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ. ಗೇಲಿ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆಂಬ ದಡ್ಡ ನಂಬಿಕೆ ಬೇರೆ. ಬಾಟಲಿ ಹಿಡಿದ ರಾಜ ತನ್ನ ಚಿತ್ರ ನೋಡಿ ತೊಡೆ ತಟ್ಟಿ ನಕ್ಕ, ಮನೆಗೊಯ್ದು ಕಟ್ಟು ಹಾಕಿಸಿದ. ದೇವಿಯ ಚಿತ್ರದ ಮುಂದೆ ಯಾರೂ ನಗಲಿಲ್ಲ. ಸುದ್ದಿ ಉಡಿ ತುಂಬಿದ್ದ ಹೆಂಗಸರ ಕಿವಿಗೂ ಬಿತ್ತು.

"ಮೀನ್ ತಿಂದವ್ಳ ಕಾಲಿಗೆ ಬಿದ್ವಲ್ಲೇ!" ಎಂದು ಅವರು ಕೆನ್ನೆ ಬಡಿದುಕೊಂಡರು.

"ಇನ್ ಅವ್ಳನ್ನ ಕರೂದ್ ಬೇಡ" ಎಂದರು ಕಮಿಟಿಯ ಹಿರಿಯರು. ಹಾಗೆಂದವರ ಬಾಯಿಂದಲೇ ಸಾರಾಯಿ ನಾತ ಬರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ. ಮೀನು ನನ್ನದು, ಒತ್ತಾಯ ನನ್ನದು ಎಂಬ ಒಂದು ಮಾತು ಸಾಕಿತ್ತು. ಅದೇ ಸಭೆಯಲ್ಲಿ ನಾನೂ ಕುಳಿತಿದ್ದೆ. ಸುತ್ತಲಿನ ಊರುಗಳೂ ಒಂದೊಂದಾಗಿ ಅವಳನ್ನು ಕೈಬಿಟ್ಟವು.

ಕೆಲವು ತಿಂಗಳ ಮೇಲೆ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಸದಾಶಿವಗಡದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳಂತೆ. ನಾನು ತಡವರಿಸುವಷ್ಟರಲ್ಲಿ ಅವಳೇ ಮಾತು ತೆಗೆದಳು.

"ಮೀನ್ ಯಾರ್ ಕೊಟ್ಟದ್ದು ಅಂತ ಕಮಿಟಿಯವ್ರು ಫೋನ್ ಮಾಡಿ ಕೇಳಿದ್ರು ಮಾಸ್ತರ್ರೆ. ನಾನೇ ಮನೆಯಿಂದ ತಂದದ್ದು ಅಂದೆ. ನಿಮ್ಮನೆಯವ್ರ ಹೆಸ್ರು ಎಂತಕೆ ಸುಮ್ನೆ?"

ಕೇಳಿ ಮೊದಲು ನನಗಾದದ್ದು ಸಮಾಧಾನ. ನಾಚಿಕೆಯಾದದ್ದು ಅವಳ ಬಸ್ಸು ಹೊರಟ ಮೇಲೆ.