ಕುಲಾವಿಯೊಳಗಿನ ಬೆಣ್ಣೆ

ಕಡಲ ದಂಡೆಯ ನಮ್ಮ ಕ್ರೈಸ್ತ ಮಠದಲ್ಲಿ ಉಪವಾಸಕ್ಕೆ ಸನ್ಯಾಸಿ ಡಿಮ್ಮಾನನನ್ನು ಮೀರಿಸಿದವರಿರಲಿಲ್ಲ. ಹಾಗೆಂದು ಅವನೇ ಹೇಳಿಕೊಳ್ಳುತ್ತಿದ್ದ. ಕೊರೆಯುವ ಹೊಳೆಯಲ್ಲಿ ಕತ್ತಿನವರೆಗೆ ಮುಳುಗಿ ಕೀರ್ತನೆ ಹೇಳುವ ಧೀರ ಅವನು. ಶಿಲುಬೆಯಂತೆ ಕೈ ಚಾಚಿ ಪ್ರಾರ್ಥನೆಗೆ ನಿಂತನೆಂದರೆ ಹೊಲದ ಬೆರ್ಚಪ್ಪನೂ ನಾಚಬೇಕು. ಮಠದ ದನಕರುಗಳ ಉಸ್ತುವಾರಿಯೂ ಅವನದೇ.

ವಿಧವೆ ರೋನತಳ ಕರು ಮಠದ ಬಾರ್ಲಿ ಹೊಲಕ್ಕೆ ನುಗ್ಗಿದಾಗ ಡಿಮ್ಮಾನ್ ಅದನ್ನು ಹಿಡಿದು ಕೊಟ್ಟಿಗೆಯಲ್ಲಿ ಕೂಡಿದ. ಹಾಳಾದ ಪೈರಿಗೆ ಬದಲಾಗಿ ರೋನತ ಕಡಲಪಾಚಿ ಹೊತ್ತು ತಂದು ಹೊಲಕ್ಕೆಲ್ಲ ಗೊಬ್ಬರ ಹಾಕಿದಳು. ಆದರೂ ಅವನು ಕರು ಬಿಡಲಿಲ್ಲ. ಕರು ಮುಂದೆ ನಿಲ್ಲದೆ ಅವಳ ಹಸು ಹಾಲು ಇಳಿಸುವುದಿಲ್ಲ. ಹಸು ಹಾಲು ಇಳಿಸದಿದ್ದರೆ ಅವಳ ಮಕ್ಕಳಿಗೆ ಬೇರೆ ಗತಿಯಿಲ್ಲ.

ಬಲ್ಲಿದರ ಮೇಲೆ ಎತ್ತಲು ನಮ್ಮಲ್ಲಿ ಬಡವರಿಗಿರುವ ಆಯುಧ ಒಂದೇ: ಅವರ ಬಾಗಿಲಲ್ಲಿ ಉಪವಾಸ ಕೂರುವುದು. ಒಳಗಿನವನು ನ್ಯಾಯ ಕೊಡದೆ ಒಂದು ತುತ್ತು ನುಂಗಿದರೂ ಮಾನ ಹೋಯಿತು. ಆಮೇಲೆ ಅವನ ಮಾತಿಗೆ ನಾಯಿಯೂ ಕಿವಿ ನಿಮಿರಿಸದು. ರೋನತ ಕಂಬಳಿ ಹೊದ್ದು ಮಠದ ಬಾಗಿಲಲ್ಲಿ ಕೂತಳು.

"ಏನಮ್ಮ, ಯಾರ ಮೇಲೆ ಉಪವಾಸ ಕೂತಿದ್ದೀಯ, ಗೊತ್ತೇನು?" ಎಂದು ಡಿಮ್ಮಾನ್ ಎದುರಿಗೇ ಕೂತ. "ನಾನೂ ಕೂರ್ತೀನಿ. ಮೊದ್ಲು ಯಾರು ತಿಂತಾರೋ ಅವ್ರು ಸೋತಂಗೆ."

"ಕೂತ್ಕೊಳ್ಳಿ ಅಯ್ನೋರೆ. ನಿಮಗೆ ಅದು ವ್ರತ. ನಮಗೆ ಚಳಿಗಾಲ ಪೂರ್ತಿ ಅದೇ ಊಟ."

ಮಠದ ಹಿರಿಯ ಕೊನ್ನಾ ಬಂದು, "ಕರು ಕೊಟ್ಟು ಊಟಕ್ಕೆ ಬಾರಪ್ಪ" ಎಂದ.

"ಕರು ಮಾತಲ್ಲ ಗುರುಗಳೇ, ದೇವರ ಮನೆ ಮರ್ಯಾದೆ ಮಾತು!"

ದೇವರಿಗೆ ಈ ವ್ಯಾಜ್ಯದ ಸುದ್ದಿ ಮುಟ್ಟಿತ್ತೋ ಇಲ್ಲವೋ ತಿಳಿಯದು.

ಮರುದಿನ ಮಧ್ಯಾಹ್ನ ಕರುವಿಗೆ ನೀರು ತೋರಿಸುವ ನೆಪದಲ್ಲಿ ನಮ್ಮ ವೀರ ಕೊಟ್ಟಿಗೆ ಹೊಕ್ಕ. ಅಲ್ಲಿ ಉಪ್ಪು ಬೆರೆಸಿದ ಬೆಣ್ಣೆಯ ಮರಿಗೆಯಿತ್ತು, ಗೋಪಾಲಕರ ಓಟ್ಸ್ ರೊಟ್ಟಿಯಿತ್ತು. ಘೋರ ಯುದ್ಧವೇ ನಡೆದು ರೊಟ್ಟಿ ನಿರ್ನಾಮವಾಯಿತು. ಅಷ್ಟರಲ್ಲಿ ಹೊರಗೆ ಕೊನ್ನಾನ ಕೆಮ್ಮು. ಕೈಯಲ್ಲಿದ್ದ ಬೆಣ್ಣೆಮುದ್ದೆಯನ್ನು ಬೆನ್ನಿಗೆ ಜೋತಿದ್ದ ನಿಲುವಂಗಿಯ ಕುಲಾವಿಯೊಳಗೆ ತುರುಕಿ, ಕುಲಾವಿಯನ್ನು ತಲೆಗೆ ಎಳೆದುಕೊಂಡು, ಹಸಿವಿನಿಂದ ತೂರಾಡುವವನಂತೆ ಬಂದು ತನ್ನ ಜಾಗದಲ್ಲಿ ಕೂತ. ಅವಸರದಲ್ಲಿ ಕೊಟ್ಟಿಗೆಯ ಅಗಣಿ ಹಾಕುವುದನ್ನು ಮರೆತಿದ್ದ.

ನಮ್ಮೂರಿಗೆ ಅಪರೂಪದ ನೆಂಟನಾದ ಸೂರ್ಯ ಆ ದಿನವೇ ಮೋಡ ಸರಿಸಿ ದರ್ಶನ ಕೊಡಬೇಕೆ! ಡಿಮ್ಮಾನನ ಬೋಳು ಹಣೆಯಿಂದ ಹಳದಿ ಧಾರೆಯೊಂದು ಇಳಿದು, ಮೂಗಿನ ತುದಿಯಲ್ಲಿ ತುಸು ಯೋಚಿಸಿ, ಗಡ್ಡ ಸೇರಿತು.

"ಅಯ್ಯಯ್ಯೋ, ಅಯ್ನೋರ ತಪಸ್ಸು ಕರಗ್ತಾ ಇದೆ!" ಎಂದು ನೋಡಲು ನೆರೆದವರ ನಡುವಿನಿಂದ ಗಿರಣಿಯ ಎರ್ನಾನ್ ಕೂಗಿದ.

ಹಿಂದೆಯೇ ಬಂದ ಕರು ಉಪ್ಪಿನಾಸೆಗೆ ಆ ಗಡ್ಡವನ್ನು ಪ್ರೀತಿಯಿಂದ ನೆಕ್ಕತೊಡಗಿತು. ಬಾಗಿಲಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ರೋನತ ನಗಲಿಲ್ಲ. ಬಟ್ಟೆಯಿಲ್ಲದವನನ್ನು ಅಕಸ್ಮಾತ್ತಾಗಿ ಕಂಡವಳಂತೆ ನೆಲ ನೋಡಿದಳು. "ಹಸಿವಾಗ್ತಿದೆ ಅಂದಿದ್ರೆ ಆಗ್ತಿತ್ತಲ್ಲ ಅಯ್ನೋರೆ," ಎಂದಳು ಮೆಲ್ಲಗೆ. "ಹಸಿಯೋದು ತಪ್ಪೇನಲ್ಲ."

ಆಗ ಡಿಮ್ಮಾನನ ಮುಖ ಬಾಡಿಹೋಯಿತು. ನಗುವವರ ಮುಂದೆ ತಲೆಯೆತ್ತಿ ನಿಲ್ಲಬಹುದಿತ್ತು. ತನಗಾಗಿ ನಾಚಿದವಳ ಮುಂದೆ ನಿಲ್ಲಲಾಗಲಿಲ್ಲ. ಮುಖ ಒರೆಸಿಕೊಳ್ಳದೆ ಕರುವಿನ ಹಗ್ಗ ಹಿಡಿದು ಊರ ನಡುವೆಯೇ ಅವಳ ಗುಡಿಸಲಿಗೆ ನಡೆದ.

ಕರುವನ್ನು ಕಂಡು ಹಸು ಅಂಬಾ ಎಂದಿತು. ರೋನತ ಹಾಲು ಕರೆದಳು. ಮಕ್ಕಳು ಬಟ್ಟಲು ಹಿಡಿದು ಸಾಲಾಗಿ ನಿಂತರು. ಆದರೆ ನಮ್ಮಲ್ಲಿ ಮೊದಲ ಬಟ್ಟಲು ಮನೆಗೆ ಬಂದವರಿಗೆ. ಬೇಡವೆಂದರೆ ಆ ಮನೆಗೆ ಅವಮಾನ.

"ತಗೊಳ್ಳಿ ಅಯ್ನೋರೆ," ಎಂದು ಅವನ ಮುಂದೆ ಹಿಡಿದಳು.

ಮಕ್ಕಳು ಬಟ್ಟಲನ್ನೇ ನೋಡುತ್ತಿದ್ದರು. ಡಿಮ್ಮಾನ್ ಕಣ್ಣು ಮುಚ್ಚಿ ಕುಡಿದ. ಕೊರೆಯುವ ಹೊಳೆಯಲ್ಲಿ ಕತ್ತಿನವರೆಗೆ ಮುಳುಗಿ ನಿಲ್ಲುವ ಆ ಮಹಾವೀರನಿಗೆ ಆ ಒಂದು ಬಟ್ಟಲು ಹಾಲು ಕುಡಿದು ಮುಗಿಸುವುದು ಅದಕ್ಕಿಂತ ಕಠಿಣ ವ್ರತವಾಯಿತು.