ನೋಟಿಸ್ ಕೊಟ್ಟು ಅತ್ತ ಆಯಿ

ಅದು 2022. ಮಗಳು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಬಸವಕಲ್ಯಾಣದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ತವರು ಘಾಟಬೋರಾಳದಲ್ಲಿ ತಾಯಿ ಇಲ್ಲದ್ದರಿಂದ ನನ್ನ ಬಾಣಂತನ ಮಾಡುತ್ತಿದ್ದವರು ಮನೆಯ ಮಾಲಕಿ ಶಾಂತಾಬಾಯಿ. ಪಕ್ಕದ ಕೋಣೆಯಲ್ಲೇ ಒಬ್ಬರೇ ಇದ್ದರು. ಅವರನ್ನು ಆಯಿ ಎನ್ನುತ್ತಿದ್ದೆ. ನನ್ನ ಗಂಡ ಲಾರಿ ಡ್ರೈವರ್, ಆ ವಾರ ಊರಲ್ಲಿರಲಿಲ್ಲ.

ಒಂದು ಬೆಳಿಗ್ಗೆ ಆಯಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಾಗ ಹುಮನಾಬಾದಿನಿಂದ ಅವರ ಮಗ ಬಂದ. ಅಲ್ಲಿ ಅವನಿದ್ದ ಮನೆಯನ್ನು ರಸ್ತೆ ಅಗಲ ಮಾಡಲು ಕೆಡವುವವರಿದ್ದರು; ನಾವಿದ್ದ ಮನೆ ಅವನಿಗೆ ಬೇಕಾಗಿತ್ತು.

"ನಾಳೆ ಸಂಜಿಕಿ ಖಾಲಿ ಮಾಡ್ರಿ. ಇಲ್ಲಂದ್ರ ಸಾಮಾನು ಹೊರಗ ಇಟ್ಟು ಕೀಲಿ ಹಾಕ್ತೀನಿ," ಎಂದ.

ಹಸಿ ಬಾಣಂತಿ, ಎಳೆಗೂಸು ಕಟ್ಟಿಕೊಂಡು ಎಲ್ಲಿಗೆ ಹೋಗಲಿ?

ಆಯಿ ಕೂಸನ್ನು ನನ್ನ ಮಡಿಲಿಗಿಟ್ಟು, ಚಪ್ಪಲಿ ಮೆಟ್ಟಿ ಹೋದವರು ಓಣಿಯಲ್ಲೇ ಇದ್ದ ವಕೀಲರನ್ನು ಕರೆದುಕೊಂಡೇ ಬಂದರು.

"ಈಕಿನ್ನ ಹಿಂಗ ಹೊರಗ ಹಾಕ್ಲಾಕ ಬರ್ತದೇನು? ಹೇಳ್ರಿ ಇವಗ."

ವಕೀಲರಿಗೆ ನಗು. "ಬಾಡಿಗಿಯವ್ರ ಸಲುವಾಗಿ ಮಾಲಕರೇ ವಕೀಲರನ್ನ ಕರದಿದ್ದು ಇದೇ ಮೊದಲು ನೋಡ್ರಿ!" ಎಂದು ಮಗನ ಕಡೆ ತಿರುಗಿದರು. "ಬರಾಂಗಿಲ್ಲಪ್ಪ. ತಿಂಗಳ ಬಾಡಿಗಿ ಮ್ಯಾಲೆ ಇದ್ದವ್ರಿಗೆ ಕಮ್ಮೀತ್ ಕಮ್ಮಿ ಹದಿನೈದು ದಿನದ ನೋಟಿಸ್ ಬರದು ಕೊಡಬೇಕು. ಆಮ್ಯಾಲೂ ಬಿಡಲಿಲ್ಲಂದ್ರ ಕೋರ್ಟಿಗೆ ಹೋಗಬೇಕು. ನೀನೇ ಕೀಲಿ ಹಾಕಿದ್ರ ನೀನೇ ಸಿಗಬೀಳ್ತಿ. ಮತ್ತ ಮನಿ ನಿಮ್ಮವ್ವನ ಹೆಸರಿಲೆ ಅದ. ನೋಟಿಸ್ ಕೊಡೋದೂ ಅವ್ರೇ."

ಮಗ ತಲೆ ತಗ್ಗಿಸಿದ. "ನಾ ಎಲ್ಲಿಗಿ ಹೋಗ್ಲವ್ವ?" ಎಂದಾಗ ನನಗೇ ಕೆಡುಕೆನಿಸಿತು.

"ನನ್ನ ಖೋಲಿ ಇಲ್ಲೇನು? ಎಲ್ಲಾರೂ ಹೊಂದ್ಕೊಂಡು ಇರೋಣು. ಈ ಕೂಸು ಗಟ್ಟಿ ಆಗ್ಲಿ," ಎಂದರು ಆಯಿ.

ಆ ಒಂದೇ ಕೋಣೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಚಳಿಗಾಲವೆಲ್ಲ ಕಳೆದರು. ಮೊದಮೊದಲು ಮಾತಾಡದ ಸೊಸೆ ಬರಬರುತ್ತ ನನ್ನ ಮಗಳನ್ನು ಕೆಳಗಿಳಿಸದಂತಾದಳು.

ಮಗಳು ಕೂರಲು ಕಲಿತ ಮೇಲೆ ಆಯಿ ಒಂದು ದಿನ ನೋಟಿಸ್ ತಂದು ನನ್ನ ಕೈಗಿಟ್ಟರು. ಕೆಳಗೆ ಅವರ ಹೆಬ್ಬೆಟ್ಟಿನ ಗುರುತು.

"ಕಾಯ್ದೆ ಪ್ರಕಾರ ಕೊಡಾಕತ್ತೀನಿ ನನ್ನವ್ವ, ಸಿಟ್ಟಾಗಬ್ಯಾಡ. ಹಿಂದಿನ ಓಣ್ಯಾಗ ನಿನಗೊಂದು ಮನಿ ನೋಡಿಟ್ಟೀನಿ," ಎನ್ನುವಷ್ಟರಲ್ಲಿ ಅವರೇ ಅಳತೊಡಗಿದರು.

ಹೊರಡುವ ದಿನ ಸೊಸೆ ನನ್ನ ಉಡಿ ತುಂಬಿದಳು. ಸಾಮಾನು ಹೊರಗಿಡುತ್ತೇನೆಂದಿದ್ದ ಮಗನೇ ಅದನ್ನೆಲ್ಲ ತಳ್ಳುಗಾಡಿಯಲ್ಲಿ ಹೊಸ ಮನೆಗೆ ಮುಟ್ಟಿಸಿದ.

ಮನೆ ಬಿಡಿಸಿದವರ ಮೇಲೆ ಇಷ್ಟು ಪ್ರೀತಿ ಉಳಿಯಬಹುದೆಂದು ನನಗೆ ಗೊತ್ತಿರಲಿಲ್ಲ. ಈಗಲೂ ಮಗಳ ಮೈ ಸ್ವಲ್ಪ ಬಿಸಿಯಾದರೆ ಸಾಕು, ಅವಳನ್ನೆತ್ತಿಕೊಂಡು ನಾನು ಮೊದಲು ಓಡುವುದು ಆಯಿಯ ಹತ್ತಿರ.